ಮೇಲಿನೂರು, ಕೆಳಗಿನೂರು

ನುಸಿಗುಳಿಗೆಯ ವಾಸನೆ ನನಗೆ ಆಗಿಬರುವುದಿಲ್ಲ. ಅದು ಮೂಗಿಗೆ ಬಡಿದ ಕೂಡಲೇ ನನ್ನ ಕಿವಿ ತಾನಾಗಿ ಮಗಳ ಉಸಿರನ್ನು ಹುಡುಕಲು ಹೊರಡುತ್ತದೆ. ಎದೆಯೊಳಗೆ ಸುಯ್ ಸುಯ್ ಎನ್ನುತ್ತಿದೆಯೇ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದೆಯೇ ಎಂದು. ಆ ಮಗಳಿಗೆ ಈಗ ನಲವತ್ತು ದಾಟಿದೆ. ಹುಬ್ಬಳ್ಳಿಯಲ್ಲಿ ಗಂಡ, ಮಗನೊಂದಿಗೆ ಇದ್ದಾಳೆ. ಊರ ಜನರ ಹಲ್ಲು ಕೀಳುತ್ತ, ತುಂಬುತ್ತ ಗಟ್ಟಿಮುಟ್ಟಾಗಿದ್ದಾಳೆ. ಮೈಸೂರಿನ ಮನೆಯಲ್ಲಿ ಟ್ರಂಕು ತೆರೆದು ಕುಳಿತ ನನಗೆ ಅವಳ ಉಸಿರು ಕೇಳುವುದಾದರೂ ಹೇಗೆ? ಆದರೂ ಮೊನ್ನೆ ಸ್ವಲ್ಪ ಹೊತ್ತು ಹಾಗೇ ಕಿವಿಗೊಟ್ಟು ಕುಳಿತಿದ್ದೆ.

ಟ್ರಂಕು ತೆರೆಸಿದವಳೂ ಅವಳೇ. ಬೆಳಿಗ್ಗೆ ಫೋನು ಮಾಡಿ, "ಅಮ್ಮಾ, ಡಿಸೆಂಬರಲ್ಲಿ ಆಲ್ಪ್ಸ್‌ಗೆ ಹೋಗ್ತಿದೀವಿ, ಸ್ಕೀಯಿಂಗಿಗೆ. ಎರಡು ಊರು ನೋಡಿಟ್ಟಿದೀನಿ, ಅಕ್ಕಪಕ್ಕದ್ದು. ಯಾವುದು ಅಂತ ಗೊತ್ತಾಗ್ತಿಲ್ಲ. ಹಳೇ ಉಲ್ಲನ್ ಏನಾದ್ರೂ ಇದ್ಯಾ ನೋಡು, ನಮ್ಮ ಹುಡುಗನಿಗೆ ಆಗುತ್ತೆ" ಅಂದಳು. ಅಕ್ಕಪಕ್ಕದ ಎರಡು ಊರು ಎಂಬ ಮಾತು ಕಿವಿಯಲ್ಲೇ ಉಳಿಯಿತು. ಫೋನಿಟ್ಟು ಟ್ರಂಕಿನ ಮುಂದೆ ಕುಕ್ಕರಿಸಿದೆ. ಹಳೆಯ ಶಾಲು, ಯಾರೋ ಕೊಟ್ಟ ರಗ್ಗು, ಎಲ್ಲವನ್ನೂ ತೆಗೆದ ಮೇಲೆ ತಳದಲ್ಲಿ ಅದು ಇತ್ತು. ಕೆಂಪು ಉಲ್ಲನ್ನಿನ ಮಂಕಿ ಕ್ಯಾಪು. ನಾನೇ ಹೆಣೆದದ್ದು, ಕುವೈತಿನಲ್ಲಿ, ಜುಲೈ ತಿಂಗಳಲ್ಲಿ.

ನೀವು ನಗಬಹುದು. ಜುಲೈ ತಿಂಗಳ ಕುವೈತೆಂದರೆ ಬಾಗಿಲಿನ ಹಿಡಿ ಮುಟ್ಟಿದರೆ ಕೈ ಚುರ್ರೆನ್ನುವ ಕಾಲ. ನಲ್ಲಿಯ ತಣ್ಣೀರೇ ಸ್ನಾನಕ್ಕೆ ಹದವಾಗಿ ಕಾದು ಬರುತ್ತಿತ್ತು. ಅಂಥದ್ದರಲ್ಲಿ ನಾನು ಖೈತಾನಿನ ಮೂರನೇ ಮಹಡಿಯ ಫ್ಲಾಟಿನಲ್ಲಿ ಕುಳಿತು ಉಲ್ಲನ್ ಹೆಣೆಯುತ್ತಿದ್ದೆ. ಕೆಳಗಡೆ ಹೋಟೆಲು ನೋಡಿಕೊಳ್ಳುತ್ತಿದ್ದ ಶೆಟ್ಟರು ಒಮ್ಮೆ ಬಂದವರು ನನ್ನ ಕೈಯಲ್ಲಿದ್ದುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. "ಎಂತದು ಟೀಚರೇ, ಜ್ವರವಾ ನಿಮಗೆ?"

ಜ್ವರವಲ್ಲ, ಹಿಮ. ಅದನ್ನು ನಮ್ಮ ಮನೆಗೆ ತಂದವರು ನಮ್ಮವರು. ಅವರದು ಏಸಿಯ ಕೆಲಸ. ಕಿಟಕಿಗೆ ಕೂರಿಸುವ ಪೆಟ್ಟಿಗೆಯದಲ್ಲ, ಇಡೀ ಕಟ್ಟಡಕ್ಕೆ ತಂಪು ಹಾಯಿಸುವಂಥದ್ದು. ವರ್ಷವೆಲ್ಲ ಮರುಭೂಮಿಯ ಜನರಿಗೆ ಚಳಿ ಹಂಚುವ ಮನುಷ್ಯನಿಗೆ, ದೇವರು ಮಾಡಿದ ಚಳಿ ಹೇಗಿರುತ್ತದೆ ಎಂದು ನೋಡುವ ಆಸೆ. ನಾನೋ ಶಾಲೆಯಲ್ಲಿ ಭೂಗೋಳದ ಟೀಚರು. ಆಲ್ಪ್ಸ್ ಪರ್ವತಗಳನ್ನು ಬೋರ್ಡಿನ ಮೇಲೆ ಕಂದು ಬಣ್ಣದ ಚಾಕಿನಲ್ಲಿ ಎಷ್ಟು ಸಲ ಬರೆದು ಅಳಿಸಿದ್ದೇನೋ. ಹಿಮರೇಖೆ ಎಂದರೇನು ಎಂದು ಮಕ್ಕಳಿಗೆ ಅಧಿಕಾರದಿಂದ ಹೇಳುತ್ತಿದ್ದ ನಾನು ಹಿಮ ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಹೀಗೆ ಇಬ್ಬರಿಗೂ ಹುಚ್ಚು ಹಿಡಿದು, ಆ ವರ್ಷ ಬೇಸಿಗೆಯಲ್ಲಿ ಊರಿಗೆ ಹೋಗುವುದನ್ನೇ ಬಿಟ್ಟೆವು. ನಮ್ಮವರ ರಜೆಯನ್ನೆಲ್ಲ ಡಿಸೆಂಬರಿಗೆ ಉಳಿಸಿದೆವು. ಅಕ್ಕಪಕ್ಕದ ಮೈಸೂರಿನವರು, ಮಂಗಳೂರಿನವರು ಮಕ್ಕಳನ್ನು ಕಟ್ಟಿಕೊಂಡು ಮಾವಿನಹಣ್ಣು ತಿನ್ನಲು ಹೋದರು. ನಾವು ಖೈತಾನಿನ ಧೂಳಿನಲ್ಲಿ ಹಿಮದ ಪುಸ್ತಕ ಓದುತ್ತ ಉಳಿದೆವು.

ಪುಸ್ತಕ ಎಂದರೆ ಟ್ರಾವೆಲ್ ಆಫೀಸಿನವರು ಕೊಟ್ಟ ಹೊಳಪು ಕಾಗದದ ಬಣ್ಣದ ಪುಸ್ತಕಗಳು, ಎರಡು. ಒಂದೇ ಬೆಟ್ಟದ ಮೇಲಿನ ಎರಡು ಊರಿನವು. ಒಂದು ಊರು ಬೆಟ್ಟದ ನೆತ್ತಿಯ ಹತ್ತಿರ, ಇನ್ನೊಂದು ಅದರ ಸೊಂಟದಲ್ಲಿ. ನಡುವೆ ತಂತಿಯ ಮೇಲೆ ತೂಗಾಡುವ ಡಬ್ಬಿ. ಎರಡರ ಹೆಸರೂ ನಮ್ಮ ನಾಲಗೆಗೆ ಹೊರಳದ್ದರಿಂದ ಒಂದಕ್ಕೆ ಮೇಲಿನೂರು, ಇನ್ನೊಂದಕ್ಕೆ ಕೆಳಗಿನೂರು ಎಂದು ನಾವೇ ನಾಮಕರಣ ಮಾಡಿದೆವು. ಮೇಲಿನೂರಿನಲ್ಲಿ ಹಿಮ ಖಂಡಿತ. ಆದರೆ ಉಳಿಯಲು ಹೋಟೆಲುಗಳೇ, ಊಟವೆಲ್ಲ ಅವರದೇ, ಪುಸ್ತಕದಲ್ಲಿ ಊಟದ ಮೇಜಿನ ಚಿತ್ರ ನೋಡಿದರೆ ನಮಗೆ ಅದರಲ್ಲಿ ಬ್ರೆಡ್ಡು ಬಿಟ್ಟು ತಿನ್ನುವಂಥದ್ದೇನೂ ಕಾಣುತ್ತಿರಲಿಲ್ಲ. ಕೆಳಗಿನೂರಿನಲ್ಲಿ ಅಡುಗೆಮನೆ ಇರುವ ಪುಟ್ಟ ಮನೆ ಬಾಡಿಗೆಗೆ ಸಿಗುತ್ತದೆ, ಅನ್ನ ಸಾರು ಮಾಡಿಕೊಳ್ಳಬಹುದು. ಆದರೆ ಆ ಹೊತ್ತಿಗೆ ಅಲ್ಲಿ ಹಿಮ ಬಿದ್ದಿರುತ್ತದೋ ಇಲ್ಲವೋ ಯಾರೂ ಹೇಳಲಾರರು. ಹಿಮ ಬೇಕೋ, ಹುಳಿ ಬೇಕೋ? ಸಾವಿರಾರು ಮೈಲಿ ಹೋಗಿ ಬರಿಯ ಬೆಟ್ಟ ನೋಡಿಕೊಂಡು ಹುಳಿಯನ್ನ ಉಣ್ಣುವುದೂ, ಹಿಮದ ರಾಶಿಯ ನಡುವೆ ಉಪವಾಸ ಕೂರುವುದೂ ಎರಡೂ ನಗೆಪಾಟಲೇ.

ನಮ್ಮವರ ವಿಷಯ ಸ್ವಲ್ಪ ಹೇಳಬೇಕು. ಅವರು ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸಲು ನಿಂತರೆ ಅಂಗಡಿಯವನು ನಮಾಜು ಮುಗಿಸಿ ಬಂದರೂ ಇನ್ನೂ ಮೊದಲನೆಯ ಬದನೆಕಾಯಿ ಕೈಯಲ್ಲೇ ಇರುತ್ತಿತ್ತು. "ನೋಡೋಣ ಇರು" ಎನ್ನುವುದು ಅವರ ಮಂತ್ರ. ಸಂಜೆ ಕೆಲಸದಿಂದ ಬಂದು ಎರಡು ಪುಸ್ತಕ ಹರಡಿ, ನಡುವೆ ಹುರಿದ ಕಡಲೆಕಾಯಿ ಬೀಜದ ತಟ್ಟೆ ಇಟ್ಟುಕೊಳ್ಳುವರು. ಮೇಲಿನೂರಿನ ಪರವಾಗಿ ಒಂದು ಮಾತು ಹೊಳೆದರೆ ಆ ಪುಸ್ತಕದ ಮೇಲೊಂದು ಬೀಜ, ಕೆಳಗಿನೂರಿನ ಪರವಾಗಿ ಹೊಳೆದರೆ ಇದರ ಮೇಲೊಂದು. ಎಂಟು ವರ್ಷದ ಮಗಳು ಶ್ರುತಿ ಪಕ್ಕದಲ್ಲಿ ಕುಳಿತು, ಯಾವ ಗುಂಪು ದೊಡ್ಡದಾಗುತ್ತದೋ ಅದರಿಂದ ತೆಗೆದು ತಿನ್ನುತ್ತಿದ್ದಳು. ಹಾಗಾಗಿ ದಿನದ ಕೊನೆಗೆ ಎರಡೂ ಊರು ಸಮ.

ಅವಳಿಗೂ ಒಂದೇ ಪ್ರಶ್ನೆ, ಅದೂ ಇಂಗ್ಲಿಷಿನಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳುವುದು ಆ ಕಾಲದ ಪದ್ಧತಿ. ಪುಸ್ತಕದ ಪುಟ ತಿರುಗಿದಾಗೆಲ್ಲ, "ಅಪ್ಪಾ, ವಿಚ್ ವನ್ ಹ್ಯಾಸ್ ಅ ಕಿಚನ್?" ನನ್ನ ಚಿಂತೆಯನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು.

ನಮ್ಮವರ ಪ್ರಶ್ನೆ ಬೇರೆ ಇತ್ತು. ಪುಟಗಳನ್ನು ಹಿಂದೆಮುಂದೆ ತಿರುಗಿಸಿ, "ಆಸ್ಪತ್ರೆ ಎಲ್ಲಿದೆ ಅಂತ ಬರೆದೇ ಇಲ್ವಲ್ಲೇ ಇದರಲ್ಲಿ" ಎನ್ನುವರು. "ಹಿಮ ನೋಡೋಕೆ ಹೋಗೋದೋ, ಆಸ್ಪತ್ರೆ ನೋಡೋಕೋ?" ಎಂದು ನಾನು ರೇಗುವೆ. ಅವರು ಇನ್ನೊಂದು ಬೀಜ ಬಾಯಿಗೆ ಹಾಕಿಕೊಳ್ಳುವರು.

ಆಸ್ಪತ್ರೆಯ ಮಾತಿಗೆ ಕಾರಣವಿಲ್ಲದಿರಲಿಲ್ಲ. ಶ್ರುತಿಗೆ ಉಬ್ಬಸ. ಧೂಳಿನ ಗಾಳಿ ಎದ್ದರೆ ಸಾಕು, ಅವಳ ಎದೆ ಶಿಳ್ಳೆ ಹೊಡೆಯಲು ಶುರುವಾಗುತ್ತಿತ್ತು. ಆಗ ಬಾಯಿಗೆ ಹಿಡಿದು ಒತ್ತುವ ನೀಲಿ ಪಂಪೇ ನಮ್ಮ ದೇವರು. ಗುರುವಾರ ನಮ್ಮವರಿಗೆ ಅರ್ಧ ದಿನದ ಕೆಲಸವಾದ್ದರಿಂದ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಅವರ ಪಾಲಿನದು, ಬಟ್ಟೆಯ ಗಂಟು ಒಗೆಯುವುದು ನನ್ನ ಪಾಲಿನದು. ಡಾಕ್ಟರು ಏನಂದರು ಎಂದು ಕೇಳಿದರೆ, "ಅದೇ ಪಂಪು, ಅದೇ ಮಾತ್ರೆ" ಎನ್ನುವರು. ನಾನು ಅಷ್ಟಕ್ಕೆ ಸಮಾಧಾನ ಪಡುತ್ತಿದ್ದೆ.

ಊರು ಗೊತ್ತಾಗದೆ ವೀಸಾ ಇಲ್ಲ. ಯಾವ ಊರಿನ ಯಾವ ಮನೆಯಲ್ಲಿ ಉಳಿಯುತ್ತೀರಿ ಎಂದು ತೋರಿಸಿದರೇ ಅರ್ಜಿ ತೆಗೆದುಕೊಳ್ಳುವುದು. ಇಲ್ಲಿ ಇನ್ನೊಂದು ಸಂಗತಿ ನಿಮಗೆ ತಿಳಿದಿರಬೇಕು. ಆಗ ನಮ್ಮ ಪಾಸ್‌ಪೋರ್ಟುಗಳು ನಮ್ಮ ಹತ್ತಿರ ಇರುತ್ತಿರಲಿಲ್ಲ. ನಮ್ಮನ್ನು ಕರೆಸಿಕೊಂಡ ಒಡೆಯ, ಅಂದರೆ ಕಫೀಲ್, ಅವನ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ ಎಲ್ಲರ ಪಾಸ್‌ಪೋರ್ಟೂ ಬೆಚ್ಚಗೆ ಮಲಗಿರುತ್ತಿದ್ದವು. ಯಾರಿಗೂ ಅದು ಅನ್ಯಾಯವೆಂದು ಹೊಳೆಯುತ್ತಿರಲಿಲ್ಲ, ಅಷ್ಟು ಒಗ್ಗಿಹೋಗಿತ್ತು. ಊರಿಗೆ ಹೋಗುವಾಗ ಕೈಗೆ ಕೊಡುವರು, ಬಂದ ಕೂಡಲೇ ವಾಪಸ್ಸು. ನಮ್ಮವರು ವೀಸಾದ ನೆಪ ಹೇಳಿ ಮೂವರದನ್ನೂ ಬಿಡಿಸಿಕೊಂಡು ಬಂದಿದ್ದರು. ಅವು ಬಿಸ್ಕತ್ತಿನ ಡಬ್ಬಿಯೊಳಗೆ ಫ್ರಿಜ್ಜಿನ ಮೇಲೆ ಕುಳಿತಿದ್ದವು. ಕಂಪನಿಯ ಕಾಗದಪತ್ರ ನೋಡಿಕೊಳ್ಳುವ ಮನುಷ್ಯ ಆಗಾಗ ಫೋನು ಮಾಡಿ, "ಯಾ ಮುಹಂದಿಸ್, ಪಾಸ್‌ಪೋರ್ಟ್ ವೇನ್?" ಎಂದು ಗದರುವನು. ಇಂಜಿನಿಯರೇ, ಪಾಸ್‌ಪೋರ್ಟ್ ಎಲ್ಲಿ ಎಂದು. ಇವರು "ಬುಕ್ರಾ, ಬುಕ್ರಾ" ಎನ್ನುವರು. ನಾಳೆ ಎಂದು. ಆ ನಾಳೆ ಬರುತ್ತಲೇ ಇರಲಿಲ್ಲ.

ನನಗೋ ಒಳಗೊಳಗೇ ದಿಗಿಲು. ಕಂಪನಿಯವರು ಸಿಟ್ಟಾದರೆ? ಅಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಹೊಸದು ಮಾಡಿಕೊಡುವುದಿಲ್ಲ ಎಂದರೆ? ನಾನು ಯಾವುದನ್ನೂ ಥಟ್ಟನೆ ತೀರ್ಮಾನಿಸುವವಳು. ತೂಗಿ ಅಳೆಯುವುದೆಂದರೆ ಮೈ ಉರಿಯುತ್ತದೆ. ಕೊನೆಗೊಂದು ದಿನ ಕಡಲೆಬೀಜದ ತಟ್ಟೆ ಎತ್ತಿಕೊಂಡು ಹೇಳಿಯೇಬಿಟ್ಟೆ. "ನೋಡ್ರೀ, ಈ ಗುರುವಾರ ಒಂದು ಊರು ಹೇಳ್ತೀರ. ಇಲ್ದಿದ್ರೆ ಶನಿವಾರ ಪಾಸ್‌ಪೋರ್ಟ್ ಅವರ ಮುಖಕ್ಕೆ ಕೊಟ್ಟು ಬರ್ತೀರ." ತೀರ್ಪು ಹೇಳಲು ಶೆಟ್ಟರನ್ನು ಊಟಕ್ಕೆ ಕರೆದೆವು. ಅವರು ನಕ್ಕರು. "ಆಯ್ತು ಬರ್ತೇನೆ. ನನಗೆ ಎರಡು ಊರೂ ಒಂದೇ. ನಾನು ಚಳಿ ಕಂಡದ್ದು ಕಾಪುವಿನಲ್ಲಿ ಮಳೆ ಬಂದಾಗ ಮಾತ್ರ."

ಆ ಗುರುವಾರ ಬೆಳಿಗ್ಗೆ ಕಿಟಕಿಯ ಗಾಜು ನಡುಗಿತು. ಎಲ್ಲೋ ಪೈಪು ಒಡೆದಿರಬೇಕೆಂದು ನಮ್ಮವರು ಹೇಳಿದರು. ಅವರಿಗೆ ಲೋಕದ ಸದ್ದೆಲ್ಲ ಪೈಪಿನದೇ. ನೋಡಿದರೆ ಖೈತಾನಿನ ಬೀದಿಯಲ್ಲಿ ಜನ ಕೈಯಲ್ಲಿ ರೇಡಿಯೋ ಹಿಡಿದು ನಿಂತಿದ್ದರು. ಇರಾಕಿನ ಸೈನ್ಯ ರಾತ್ರೋರಾತ್ರಿ ಗಡಿ ದಾಟಿ ಊರೊಳಗೆ ಬಂದಿತ್ತು. ಶೆಟ್ಟರು ಊಟಕ್ಕೆ ಬಂದರು, ಆದರೆ ತೀರ್ಪು ಹೇಳಲಲ್ಲ. ಅಂಗಡಿಗಳೆಲ್ಲ ಬಾಗಿಲೆಳೆಯುವ ಮೊದಲು ತಮ್ಮ ಹೋಟೆಲಿನ ಅಕ್ಕಿಯ ಚೀಲವೊಂದನ್ನು ನಮ್ಮ ಮನೆಗೆ ಹೊತ್ತು ತಂದಿದ್ದರು.

ಆಮೇಲಿನ ದಿನಗಳನ್ನು ನಾನು ಕ್ರಮವಾಗಿ ಹೇಳಲಾರೆ. ರೊಟ್ಟಿಗಾಗಿ ಸಾಲು, ಸಾಲಿನಲ್ಲಿ ಪಿಸುಮಾತು, ಮೂಲೆಮೂಲೆಯಲ್ಲಿ ಬಂದೂಕು ಹಿಡಿದ ಎಳೆಯ ಮುಖಗಳು. ಊರಿಗೆ ಫೋನಿಲ್ಲ. ನನಗೆ ಮಾತ್ರ ನೆನಪಿರುವುದು ನೀಲಿ ಪಂಪನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದದ್ದು. ಒಳಗೆ ಇನ್ನೂ ಎಷ್ಟಿದೆ ಎಂದು ತಿಳಿಯಲು ಬೇರೆ ದಾರಿಯಿರಲಿಲ್ಲ. ನಮ್ಮ ಡಾಕ್ಟರ ಕ್ಲಿನಿಕ್ಕಿಗೆ ಬೀಗ. ಔಷಧದ ಅಂಗಡಿಯ ಕಪಾಟುಗಳು ಬರಿದು. ಇನ್ನೊಂದು ಪಂಪು ಎಲ್ಲಿಯೂ ಸಿಗಲಿಲ್ಲ. ದಿನಕ್ಕೊಮ್ಮೆ ಅಲ್ಲಾಡಿಸಿ ನೋಡುವುದು, ಮತ್ತೆ ಫ್ರಿಜ್ಜಿನ ಮೇಲೆ ಪಾಸ್‌ಪೋರ್ಟಿನ ಡಬ್ಬಿಯ ಪಕ್ಕ ಇಡುವುದು. ಶ್ರುತಿ ಕೆಮ್ಮಿದರೆ ಇನ್ನೊಮ್ಮೆ ಎದ್ದು ಅಲ್ಲಾಡಿಸುವುದು.

ಆಗ ಎರಡು ಸುದ್ದಿ ಹರಡಿದವು. ನಮ್ಮ ಸರ್ಕಾರ ಹಡಗು ಕಳಿಸುತ್ತದೆ, ಕಾದಿದ್ದರೆ ನೆಮ್ಮದಿಯಾಗಿ ಹೋಗಬಹುದು ಎನ್ನುವುದೊಂದು. ಬಸ್ಸು ಮಾಡಿಕೊಂಡು ಇರಾಕನ್ನೇ ಹಾದು, ಮರುಭೂಮಿ ದಾಟಿ ಜೋರ್ಡಾನಿಗೆ ಹೋದರೆ ಅಲ್ಲಿಂದ ವಿಮಾನ ಎನ್ನುವುದು ಇನ್ನೊಂದು. ಹಡಗು ಯಾವಾಗ ಬರುವುದೋ ಯಾರಿಗೂ ಗೊತ್ತಿಲ್ಲ. ಬಸ್ಸಿನ ದಾರಿಯೋ, ಬರಿಯ ಧೂಳು. ಉಬ್ಬಸದ ಮಗುವನ್ನು ಧೂಳಿಗೆ ಒಯ್ಯುವುದೋ, ಔಷಧ ಮುಗಿಯುವವರೆಗೆ ಇಲ್ಲಿ ಕಾಯುವುದೋ? ಇಬ್ಬರೂ ಕಿಟಕಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತು ತೂಗಿದೆವು. ಕಡಲೆಬೀಜವೂ ಮುಗಿದಿತ್ತು. ಬದನೆಕಾಯಿಯ ಮನುಷ್ಯನನ್ನು ಅಷ್ಟು ದಿನ ಆಡಿಕೊಂಡಿದ್ದ ನನಗೇ ಆಗ ಬಾಯಿ ಕಟ್ಟಿತು. ಯಾವುದನ್ನು ಹೇಳಿದರೂ ಮಗುವಿಗೆ ಏನಾದರೂ ಆದರೆ ನಾನು ಹೇಳಿದ್ದರಿಂದ ಆಯಿತು ಎಂದಾಗುತ್ತದಲ್ಲ ಎಂಬ ಹೆದರಿಕೆ.

ಶೆಟ್ಟರು ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. "ಬಸ್ಸುಂಟು. ಈಗಲೇ ಹೊರಡ್ತದೆ. ಪಾಸ್‌ಪೋರ್ಟ್ ಇದ್ದವರನ್ನು ಮಾತ್ರ ಹತ್ತಿಸ್ತಾರಂತೆ. ಮೂರು ಸೀಟು ಹೇಳಿ ಬಂದಿದ್ದೇನೆ."

"ನಿಮಗೆ?" ಎಂದರು ನಮ್ಮವರು.

"ನನ್ನ ಪಾಸ್‌ಪೋರ್ಟ್ ಎಲ್ಲುಂಟು ಮಾರಾಯ್ರೇ? ಕಫೀಲನ ಕಪಾಟಿನಲ್ಲುಂಟು, ಕಪಾಟಿನ ಬೀಗದಕೈ ಕಫೀಲನ ಕಿಸೆಯಲ್ಲುಂಟು, ಕಫೀಲ್ ಸೆಕೆ ತಡೀಲಿಕ್ಕಾಗದೆ ಯಾವುದೋ ಚಳಿ ದೇಶಕ್ಕೆ ಹೋಗಿದ್ದಾನೆ. ನಾನು ಎಂಬಸಿಯಲ್ಲಿ ಕಾಗದ ಮಾಡಿಸಿಕೊಂಡು ಆಮೇಲೆ ಬರ್ತೇನೆ. ನನ್ನ ಸುದ್ದಿ ಬಿಡಿ, ಯಲ್ಲಾ, ಏಳಿ."

ನಮ್ಮವರು ಏಳಲಿಲ್ಲ. "ಇರಿ, ನೋಡೋಣ..." ಎಂದರು. ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಹೊರಗೆ ಬಸ್ಸಿನವನು ಹಾರ್ನು ಒತ್ತುತ್ತಿದ್ದ. ಆಗ ಮೂಲೆಯಲ್ಲಿ ಮಂಡಿ ತಬ್ಬಿ ಕುಳಿತಿದ್ದ ಶ್ರುತಿ, ನಾವು ಮತ್ತೆ ಎರಡು ಊರಿನ ನಡುವೆ ಸಿಕ್ಕಿಬಿದ್ದಿದ್ದೇವೆ ಎಂದುಕೊಂಡಳೋ ಏನೋ, ಕೇಳಿದಳು. "ಅಪ್ಪಾ, ವಿಚ್ ವನ್ ಹ್ಯಾಸ್ ಅ ಕಿಚನ್?"

ಯಾರೂ ನಗಲಿಲ್ಲ. ಶೆಟ್ಟರು ಅವಳನ್ನೇ ಒಂದು ಗಳಿಗೆ ನೋಡಿದರು. ದಡದಡನೆ ಕೆಳಗಿಳಿದು ಹೋದವರು ಹೋಟೆಲಿನಿಂದ ಸೀಮೆಎಣ್ಣೆ ಸ್ಟವ್ವು, ಒಂದು ಪಾತ್ರೆ, ಅಕ್ಕಿಯ ಗಂಟು, ನೀರಿನ ಕ್ಯಾನು ಎಲ್ಲವನ್ನೂ ಹೊತ್ತು ಬಸ್ಸಿನ ಬಾಗಿಲಲ್ಲಿ ಇಟ್ಟರು. ಕೆಳಗಿನಿಂದಲೇ ಕೂಗಿದರು. "ಬಸ್ಸಲ್ಲುಂಟು ಮಗಾ! ಕಿಚನ್ ಬಸ್ಸಲ್ಲುಂಟು, ಬಾ!"

ನಮ್ಮವರು ಎದ್ದರು. ಮತ್ತೆ ಒಂದು ಮಾತೂ ಆಡದೆ ಬಿಸ್ಕತ್ತಿನ ಡಬ್ಬಿಯನ್ನೂ ಪಂಪನ್ನೂ ಅಂಗಿಯೊಳಗೆ ಸೇರಿಸಿ ಮಗಳನ್ನು ಎತ್ತಿಕೊಂಡರು. ಸಾಮಾನು ತರುವುದು ನನ್ನ ಪಾಲಿಗೆ ಬಂತು. ನಮ್ಮಲ್ಲಿ ಜೋಡಿ ಸೂಟ್‌ಕೇಸಿದ್ದವು, ಎರಡೂ ನೀಲಿ. ನಿತ್ಯದ ಬಟ್ಟೆಯದನ್ನು ತುಂಬಿ ಬಾಗಿಲ ಬಳಿ ಇಟ್ಟಿದ್ದೆ. ಮಂಚದ ಕೆಳಗಿದ್ದ ಇನ್ನೊಂದು ಅದರ ಪಕ್ಕಕ್ಕೆ ಯಾವಾಗ ಬಂತೋ. ಯಾವುದು ಎಂದು ನಮ್ಮವರು ತಿರುಗಿ ನೋಡುವಷ್ಟರಲ್ಲಿ ನಾನು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಇಳಿದೆ. ಶೆಟ್ಟರು ಬಸ್ಸಿನ ಕಿಟಕಿಯಿಂದ ಶ್ರುತಿಯ ತಲೆ ಮುಟ್ಟಿ, "ಹೆದರಬೇಡಿ ಟೀಚರೇ, ಊರಲ್ಲಿ ಸಿಗುವ" ಎಂದರು. ಬಸ್ಸು ತಿರುಗುವವರೆಗೂ ಅವರು ಮುಚ್ಚಿದ ಹೋಟೆಲಿನ ಮುಂದೆ ನಿಂತೇ ಇದ್ದರು. ನಾನು ಅತ್ತುಬಿಟ್ಟೆ.

ಇರಾಕಿನ ಗಡಿಯಲ್ಲಿ ಎಲ್ಲರನ್ನೂ ಇಳಿಸಿದರು. ಪಾಸ್‌ಪೋರ್ಟು ಇಲ್ಲದ ಇಬ್ಬರು ಹೇಗೋ ಹತ್ತಿಕೊಂಡಿದ್ದರು; ಅವರನ್ನು ಅಲ್ಲೇ ಉಳಿಸಿಕೊಂಡರು. ನಮ್ಮ ಮೂರನ್ನೂ ತಿರುವಿ ನೋಡಿ ವಾಪಸ್ಸು ಕೊಟ್ಟರು. ಆಮೇಲೆ ಸೈನಿಕನೊಬ್ಬ ನಮ್ಮ ಸೂಟ್‌ಕೇಸಿನ ಕಡೆ ಬೆರಳು ತೋರಿಸಿದ. ಮುಚ್ಚಳ ತೆಗೆದೆ, ನುಸಿಗುಳಿಗೆಯ ವಾಸನೆ ಗುಪ್ಪೆಂದು ಎದ್ದಿತು. ಸ್ವೆಟರುಗಳು. ಕೈಗವಸು. ಉಣ್ಣೆಯ ಕಾಲುಚೀಲ. ಡಿಸೆಂಬರಿನ ಆಲ್ಪ್ಸ್ ಪ್ರವಾಸಕ್ಕೆ ನಾನು ಜುಲೈಯಲ್ಲೇ ಕಟ್ಟಿಟ್ಟಿದ್ದ ಸೂಟ್‌ಕೇಸು! ಪ್ರಯಾಣಕ್ಕೆ ಐದು ತಿಂಗಳ ಮೊದಲೇ ಗಂಟು ಕಟ್ಟುವ ಮೈಸೂರಿನ ಜಾಣತನಕ್ಕೆ ಇದಕ್ಕಿಂತ ಮರ್ಯಾದೆ ಬೇಕೇ? ಆ ಬಿಸಿಲಲ್ಲಿ ಮೂವರ ಮೈಮೇಲಿನ ಬಟ್ಟೆ ಬಿಟ್ಟರೆ ನಮಗೆ ಇನ್ನೊಂದು ಹತ್ತಿಯ ಬಟ್ಟೆಯೂ ಇರಲಿಲ್ಲ.

ಸೈನಿಕ ಕೆಂಪು ಮಂಕಿ ಕ್ಯಾಪನ್ನು ಬಂದೂಕಿನ ತುದಿಯಿಂದ ಎತ್ತಿ ಹಿಡಿದ. ಹುಬ್ಬು ಗಂಟಿಕ್ಕಿ ಏನೋ ಕೇಳಿದ. ಮುಖ ಮುಚ್ಚುವ ಟೋಪಿ ಎಂದರೆ ಸೈನಿಕರು ಏನೆಂದುಕೊಳ್ಳುತ್ತಾರೋ ಎಂದು ನಾನು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. ನಮ್ಮವರು ಮುಂದೆ ಬಂದು ಮಗಳನ್ನು ತೋರಿಸಿದರು. "ಥಲ್ಜ್" ಎಂದರು. ಹಿಮ.

"ಥಲ್ಜ್?" ಅವನು ಸುತ್ತ ನೋಡಿದ. ಮರಳು, ಬಿಸಿಲು, ಬೆವರುವ ಜನ. ಅವನ ಮುಖ ಸಡಿಲವಾಯಿತು. ನಗುತ್ತ ಇನ್ನೊಬ್ಬನನ್ನು ಕರೆದು ತೋರಿಸಿದ. ನಮಗೆ ಹುಚ್ಚೆಂದು ತಿಳಿದಿರಬೇಕು. ಟೋಪಿಯನ್ನು ಶ್ರುತಿಯ ತಲೆಗೇ ಹಾಕಿ ಕಳಿಸಿದ.

ಹುಚ್ಚೆಂದು ನಾನೂ ನನ್ನನ್ನು ಬೈದುಕೊಂಡೆ, ಜೋರ್ಡಾನಿನ ಗಡಿಯ ಬಯಲು ತಲಪುವವರೆಗೆ. ಅಲ್ಲಿ ಕಣ್ಣು ಹಾಯುವವರೆಗೂ ಡೇರೆಗಳು, ಅವುಗಳ ನಡುವೆ ನಮ್ಮಂಥ ಜನ, ನೀರಿನ ಲಾರಿಯ ಹಿಂದೆ ಓಡುವವರು. ಒಂದು ಮಧ್ಯಾಹ್ನ ಧೂಳಿನ ಗಾಳಿ ಎದ್ದಿತು. ಎದುರಿನ ಡೇರೆ ಕಾಣದಾಯಿತು. ಶ್ರುತಿಯ ಎದೆ ಶಿಳ್ಳೆ ಹಾಕತೊಡಗಿತು. ನಮ್ಮವರು ಪಂಪು ಒತ್ತಿದರು. ಮತ್ತೆ ಒತ್ತಿದರು. ಬರಿಯ ಗಾಳಿ.

ಅವಳ ತುಟಿಯ ಬಣ್ಣ ಬದಲಾಗುತ್ತಿರುವುದು ನನಗೆ ಕಂಡಿತು. ನಾನು ಕೂಗಿಕೊಂಡೆನೋ ಏನೋ, ಗೊತ್ತಿಲ್ಲ. ನಮ್ಮವರು ಮಂಕಿ ಕ್ಯಾಪನ್ನು ಕ್ಯಾನಿನ ನೀರಿನಲ್ಲಿ ಅದ್ದಿ, ಹಿಂಡಿ, ಹಿಂದುಮುಂದು ಮಾಡಿ ಅವಳ ಮೂಗು ಬಾಯಿ ಮುಚ್ಚುವಂತೆ ಎಳೆದರು. ಕಟ್ಟಡಕ್ಕೆ ಒಳಬರುವ ಗಾಳಿಯನ್ನು ಜಾಲರಿಯಲ್ಲಿ ಸೋಸುವುದು ಅವರ ದಿನನಿತ್ಯದ ಕೆಲಸವಾಗಿತ್ತಲ್ಲ. ಅವಳನ್ನು ನೆಟ್ಟಗೆ ಎದೆಗೆ ಒರಗಿಸಿಕೊಂಡು, "ನಿಧಾನ ಪುಟ್ಟಿ, ನಿಧಾನ. ಒಳಗೆ... ಹೊರಗೆ... ನನ್ನ ಜೊತೆ ಎಳ್ಕೋ" ಎನ್ನುತ್ತ ಕುಳಿತರು. ಬಟ್ಟೆ ಒಣಗಿದರೆ ಮತ್ತೆ ಅದ್ದುವುದು. ನಾನು ಶೆಟ್ಟರ ಸ್ಟವ್ವಿನ ಮೇಲೆ ನೀರು ಕಾಯಿಸಿ ಗುಟುಕು ಗುಟುಕಾಗಿ ಕುಡಿಸಿದೆ. ಪಕ್ಕದ ಡೇರೆಯವರು ಓಡಿ ಹೋಗಿ ವಿದೇಶದ ನರ್ಸೊಬ್ಬಳನ್ನು ಔಷಧದ ಪೆಟ್ಟಿಗೆಯ ಸಮೇತ ಕರೆತರುವವರೆಗೆ ನಮ್ಮವರು ಅಲುಗಲಿಲ್ಲ. ಆ ಮಧ್ಯಾಹ್ನ ನನ್ನ ಮಗಳನ್ನು ಉಳಿಸಿದ್ದರಲ್ಲಿ ಆ ನರ್ಸಿನ ಪಾಲೆಷ್ಟು, ನಾನು ತಪ್ಪಿ ತಂದ ಸೂಟ್‌ಕೇಸಿನ ಪಾಲೆಷ್ಟು ಎಂದು ನಾನು ಲೆಕ್ಕ ಹಾಕಿಲ್ಲ.

ವಿಮಾನ ಹತ್ತಿ ಬೊಂಬಾಯಿ, ಅಲ್ಲಿಂದ ಮೈಸೂರು. ಮತ್ತೆ ನಾವು ಕುವೈತಿಗೆ ಹೋಗಲಿಲ್ಲ. ನಮ್ಮವರಿಗೆ ಇಲ್ಲೇ ಒಂದು ಶೀತಲಗೃಹದಲ್ಲಿ ಕೆಲಸ ಸಿಕ್ಕಿತು. ಆಲೂಗೆಡ್ಡೆಗೆ ತಂಪು ಹಾಯಿಸಿಕೊಂಡು ನಿವೃತ್ತರಾದರು. ಶೆಟ್ಟರು ದೀಪಾವಳಿಯ ಹೊತ್ತಿಗೆ ಒಂದು ಹಾಳೆಯ ಕಾಗದದ ಬಲದ ಮೇಲೆ ಊರು ಸೇರಿದರು, ತೊಂಬತ್ತೊಂದರಲ್ಲಿ ಯುದ್ಧ ಮುಗಿದ ಮೇಲೆ ಮತ್ತೆ ಹೋದರು. ಅಲ್ಲಿಂದ ಫೋನು ಮಾಡಿ, "ಇಲ್ಲಿ ಹಗಲಲ್ಲೂ ದೀಪ ಬೇಕು ಟೀಚರೇ, ಎಣ್ಣೆ ಬಾವಿಯ ಹೊಗೆ. ನಿಮ್ಮ ಮನೆಯಲ್ಲಿ ಏನೂ ಇಲ್ಲ. ಗೋಡೆಯ ಏಸಿಯನ್ನೂ ಕಿತ್ತು ಕೊಂಡುಹೋಗಿದ್ದಾರೆ, ಇಂಜಿನಿಯರಿಗೆ ಹೇಳಬೇಡಿ, ಬೇಜಾರು ಮಾಡ್ತಾರೆ" ಎಂದಿದ್ದರು.

ಇಷ್ಟು ವರ್ಷ ಈ ಕತೆಯನ್ನು ನಾನು ಮದುವೆ ಮುಂಜಿಗಳಲ್ಲಿ ನಗೆಯ ಕತೆಯಾಗಿಯೇ ಹೇಳಿದ್ದೇನೆ. ಒಂದು ಊರು ಆರಿಸಲಾರದ ಗಂಡ, ಅವರ ಅನುಮಾನದ ದೆಸೆಯಿಂದ ಮನೆಯಲ್ಲೇ ಉಳಿದ ಪಾಸ್‌ಪೋರ್ಟು. ಜನ ಹೊಟ್ಟೆ ಹಿಡಿದು ನಗುವರು, ನಮ್ಮವರೂ ನಗುವರು. ಮೊನ್ನೆ ಟೋಪಿಯನ್ನು ಹಿಡಿದು ಜಗಲಿಗೆ ಬಂದಾಗಲೂ ನಾನು ಆ ಕತೆಯ ಹುರುಪಿನಲ್ಲೇ ಇದ್ದೆ. ಮಗಳಿಗೆ ಫೋನು ಹಚ್ಚಿ, ಅವರಿಗೂ ಕೇಳುವಂತೆ ಇಟ್ಟೆ.

"ಅಪ್ಪಾ, ನಿಮ್ಮ ಕಾಯಿಲೆ ನನಗೂ ಬಂದಿದೆ. ಒಂದರಲ್ಲಿ ಸ್ನೋ ಚೆನ್ನಾಗಿದೆ, ಇನ್ನೊಂದರಲ್ಲಿ ಕಿಚನ್ ಇದೆ. ಡಿಸೈಡ್ ಮಾಡಕ್ಕೇ ಆಗ್ತಿಲ್ಲ" ಎಂದು ಅವಳು ನಕ್ಕಳು.

ನಮ್ಮವರು ಪತ್ರಿಕೆ ಮಡಿಸಿದರು. "ನನಗೆ ಅವತ್ತು ಆ ಕಾಯಿಲೆ ಇರಲಿಲ್ಲ ಪುಟ್ಟಿ. ಬದನೆಕಾಯಿ ಆರಿಸೋಕೆ ಇತ್ತು, ಊರು ಆರಿಸೋಕೆ ಇರಲಿಲ್ಲ. ಡಾಕ್ಟರು ಜೂನಲ್ಲೇ ಹೇಳಿದ್ರು. ಒಣ ಚಳಿ ಈ ಮಗುವಿನ ಎದೆಗೆ ಆಗಲ್ಲ, ಈ ವರ್ಷ ಯಾವ ಬೆಟ್ಟಕ್ಕೂ ಬೇಡ ಅಂತ. ನೀನು ದಿನಾ ಆ ಪುಸ್ತಕ ತಬ್ಕೊಂಡು ಮಲಗ್ತಿದ್ದೆ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಬೀಜ ಎಣಿಸ್ತಾ ಕೂತೆ."

ಆಸ್ಪತ್ರೆ ಎಲ್ಲಿದೆ ಎಂದು ಅವರು ಪುಟ ತಿರುಗಿಸುತ್ತಿದ್ದುದು ನನಗೆ ನೆನಪಾಯಿತು. "ನನಗಾದರೂ ಹೇಳಬಾರದಿತ್ತೇನ್ರೀ?" ಎಂದೆ.

"ಹೇಳಿದ್ರೆ ನೀನು ಅವತ್ತೇ ಅವಳಿಗೆ ಹೇಳಿ ಮುಗಿಸ್ತಿದ್ದೆ. ಮಾರನೇ ದಿನ ಪಾಸ್‌ಪೋರ್ಟೂ ವಾಪಸ್ಸು ಕೊಡಿಸ್ತಿದ್ದೆ" ಎಂದರು, ಆಪಾದನೆಯೇನೂ ಇಲ್ಲದೆ, ಇದ್ದದ್ದು ಇದ್ದ ಹಾಗೆ.

ಕೊಡಿಸುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ. ಆ ಬಸ್ಸು ನಮ್ಮನ್ನು ಬಿಟ್ಟು ಹೊರಡುತ್ತಿತ್ತು, ಖೈತಾನಿನ ಆ ಮನೆಯಲ್ಲಿ ನಾನು ಖಾಲಿ ಪಂಪು ಅಲ್ಲಾಡಿಸುತ್ತ ಕುಳಿತಿರುತ್ತಿದ್ದೆ. ಮುಂದಿನದನ್ನು ಯೋಚಿಸಲು ನನ್ನಿಂದಾಗಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ಮುದ್ದೆ ಮಾಡಿ ಎದೆಗೆ ಒತ್ತಿಕೊಂಡೆ. ನುಸಿಗುಳಿಗೆಯ ವಾಸನೆ ಬಂತು. ಇನ್ನು ಆ ಕತೆಯನ್ನು ನಗಿಸಲು ಹೇಳುವುದು ನನ್ನಿಂದ ಸಾಧ್ಯವಿಲ್ಲ ಎನಿಸಿತು.

ಕೊನೆಗೆ ಶ್ರುತಿ, "ಈಗ ಯಾವುದಕ್ಕೆ ಹೋಗ್ಲಿ ಅಪ್ಪಾ?" ಎಂದಳು. ಮೂಗು ಕಟ್ಟಿದ ದನಿ. ಕನ್ನಡದಲ್ಲೇ ಕೇಳಿದಳು.

ನಮ್ಮವರು ಒಂದು ಕ್ಷಣವೂ ತೂಗಲಿಲ್ಲ. "ಯಾವುದಕ್ಕಾದ್ರೂ ಹೋಗು. ಉಸಿರು ಚೆನ್ನಾಗಿದೆಯಲ್ಲ, ಯಾವುದಾದ್ರೇನು?" ಎಂದರು. ಪತ್ರಿಕೆಯನ್ನು ಮತ್ತೆ ಬಿಡಿಸಿದವರು, ನನ್ನ ಕೈಯಲ್ಲಿದ್ದುದನ್ನು ಕಂಡು ಫೋನಿನ ಕಡೆ ಬಾಗಿದರು. "ಅಮ್ಮ ಆ ಟೋಪಿ ಕಳಿಸ್ತಾಳೆ. ಹುಡುಗನಿಗೆ ಹ್ಯಾಗೂ ಆಗುತ್ತೆ. ಒದ್ದೆ ಮಾತ್ರ ಮಾಡಬೇಡಿ, ಅಲ್ಲಿ ಒದ್ದೆ ಮಾಡಿದ್ರೆ ಮಂಜುಗಡ್ಡೆ ಆಗಿಬಿಡುತ್ತೆ."

ನಾನು ಒಳಗೆ ಹೋಗಿ ಅದನ್ನು ಒಗೆದೆ. ಹಿತ್ತಲಿನ ಹಗ್ಗದ ಮೇಲೆ ಹಾಕಿ, ಪೂರ್ತಿ ಒಣಗುವವರೆಗೆ ಬಿಸಿಲಿನಲ್ಲಿ ಅದರ ಪಕ್ಕದಲ್ಲೇ ನಿಂತಿದ್ದೆ.